ಬೇಲಿಯ ಗೂಟಗಳನ್ನೆಣಿಸಿದವನು

ಕಿರಿಯ: ಮೇಷ್ಟರೇ, ತಾವು ಓದೆಂದು ಕೊಟ್ಟಿದ್ದ ಪುಸ್ತಕವನ್ನು ಹಿಂದಿರುಗಿಸೋಣವೆಂದು ಬಂದೆ. ಅದನ್ನು ಆದ್ಯಂತವಾಗಿ ಓದಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲಿನ ಪೀಠಿಕೆಯನ್ನು ಬಿಟ್ಟು ಮುಂದಕ್ಕೆ ಹೋದೆ. ಸೆರೆಮನೆಯ ಆಸ್ಪತ್ರೆಯ ಪ್ರಕರಣಕ್ಕೆ ಬಂದು, ದಂಡನೆ ಅನುಭವಿಸಿ ಬಂದವರ ಸೀಳಿದ ಬೆನ್ನಿನ ಮೇಲೆ ಸಹಬಂದಿಗಳು ಒದ್ದೆಬಟ್ಟೆಯನ್ನು ಹೊದಿಸಿ, ಮುರಿದು ನಾಟಿಕೊಂಡ ಬೆತ್ತದ ಸಿಬಿರುಗಳನ್ನು ಒಂದು ಮಾತೂ ಆಡದೆ ಕಿತ್ತುತೆಗೆಯುವ ಭಾಗವನ್ನೋದುತ್ತಿದ್ದಂತೆ ಎದೆ ಭಾರವಾಗಿ ಪುಸ್ತಕವನ್ನು ಮುಚ್ಚಿಟ್ಟೆ. ಆಮೇಲೆ, ಇಷ್ಟು ಕತ್ತಲೆಗೆ ಎಲ್ಲಿಯೋ ಒಂದು ಬಾಗಿಲು ಇದ್ದೇ ಇರಬೇಕೆಂಬ ಆಸೆಯಿಂದ ಕಡೆಯ ಅಧ್ಯಾಯಕ್ಕೆ ಹಾರಿ, ಕಾಲಿನ ಬೇಡಿ ಕಳಚಿ ಬೀಳುವ ಪುಟವನ್ನೋದಿ ಸಮಾಧಾನಪಟ್ಟೆ. ಇಂಥ ಪುಸ್ತಕವನ್ನು ತಾವು ಎರಡು ಮೂರು ವರ್ಷಕ್ಕೊಮ್ಮೆ ತಪ್ಪದೆ ಓದುತ್ತೀರೆಂದು ಹೇಳಿದಿರಿ. ಏತಕ್ಕಾಗಿ ಎಂಬುದು ನನಗೆ ತಿಳಿಯಲಿಲ್ಲ.

ಹಿರಿಯ: ಕುಳಿತುಕೊಳ್ಳಪ್ಪಾ. ಓದದೆ ಬಿಟ್ಟುದನ್ನು ಮರೆಮಾಚದೆ ಹೇಳಿದೆಯಲ್ಲ, ಅದು ನನಗೆ ಸಂತೋಷ. ನಾನೂ ಮೊದಲ ಸಲ ಆಸ್ಪತ್ರೆಯ ಪ್ರಕರಣದಲ್ಲಿಯೇ ನಿಂತೆ. ನೀನು ಬಿಟ್ಟ ಪೀಠಿಕೆಗೆ ಕಡೆಯಲ್ಲಿ ಬರೋಣ. ಈಗ ಆ ಪುಸ್ತಕ ಎಲ್ಲಿಂದ ಬಂತೆಂಬುದನ್ನು ಮೊದಲು ನೋಡೋಣ. 1849ನೆಯ ಇಸವಿಯ ಏಪ್ರಿಲಿನಲ್ಲಿ, ಪೀಟರ್ಸ್‌ಬರ್ಗಿನಲ್ಲಿ, ಪೆಟ್ರಾಶೆವ್‌ಸ್ಕಿ ಎಂಬಾತನ ಮನೆಯಲ್ಲಿ ಪ್ರತಿ ಶುಕ್ರವಾರವೂ ಕೂಡುತ್ತಿದ್ದ ವಿಚಾರಗೋಷ್ಠಿಯವರನ್ನು ಪೊಲೀಸಿನವರು ಹಿಡಿದರು. ಹಿಡಿಯಲ್ಪಟ್ಟವರಲ್ಲಿ ಈ ಪುಸ್ತಕವನ್ನು ಬರೆದ, ಆಗ ಇಪ್ಪತ್ತೇಳು ವರ್ಷ ವಯಸ್ಸಿನ ದಾಸ್ತೋವ್‌ಸ್ಕಿಯೂ ಒಬ್ಬ. ಬೆಲಿನ್‌ಸ್ಕಿ ಎಂಬ ವಿಮರ್ಶಕನು ಗೊಗೊಲ್ ಎಂಬ ಲೇಖಕನಿಗೆ ಬರೆದ, ಜೀತಪದ್ಧತಿಯನ್ನೂ ಅದನ್ನು ಹರಸುತ್ತಿದ್ದ ಧರ್ಮಪೀಠವನ್ನೂ ಖಂಡಿಸಿದ್ದ ನಿಷಿದ್ಧ ಪತ್ರವೊಂದನ್ನು ಆತ ಗೋಷ್ಠಿಯಲ್ಲಿ ಗಟ್ಟಿಯಾಗಿ ಓದಿದ್ದನೆಂಬುದು ಅವನ ಮೇಲಿನ ಮುಖ್ಯ ಆರೋಪ. ಎಂಟು ತಿಂಗಳು ಕೋಟೆಯ ಒಂಟಿಕೋಣೆಯಲ್ಲಿದ್ದ ಮೇಲೆ, ಡಿಸೆಂಬರ್ 22ರ ಬೆಳಗ್ಗೆ, ಹಿಮ ಬಿದ್ದಿದ್ದ ಸೆಮ್ಯೋನೊವ್‌ಸ್ಕಿ ಮೈದಾನಕ್ಕೆ ಅವರನ್ನೆಲ್ಲ ಕರೆತಂದು, ಮರಣದಂಡನೆಯ ಆಜ್ಞೆಯನ್ನೋದಿ, ಶವಕ್ಕೆ ಹೊದಿಸುವ ಬಿಳಿಯ ಅಂಗಿಗಳನ್ನು ತೊಡಿಸಿ, ಮೊದಲ ಮೂವರನ್ನು ಕಂಬಗಳಿಗೆ ಕಟ್ಟಿದರು. ದಾಸ್ತೋವ್‌ಸ್ಕಿಯ ಸರದಿ ಅದರ ಮರುಸಾಲಿನಲ್ಲಿತ್ತು. ಬಂದೂಕುಗಳು ಗುರಿಯಿಟ್ಟ ಮೇಲೆ ನಗಾರಿ ಬಾರಿಸಿ, ಚಕ್ರವರ್ತಿಯು ದಯೆತೋರಿ ಜೀವ ಉಳಿಸಿದ್ದಾನೆಂದು ಸಾರಿದರು. ಆ ದಯೆ ಮೊದಲೇ ನಿಶ್ಚಿತವಾಗಿತ್ತು. ಬೆಳಗಿನ ಆ ಪ್ರಸಂಗವೆಲ್ಲ ಬೇಕೆಂದು ಹೂಡಿದ ಏರ್ಪಾಡಾಗಿತ್ತು. ಕಂಬಕ್ಕೆ ಕಟ್ಟಲ್ಪಟ್ಟವರಲ್ಲಿ ಒಬ್ಬನಿಗೆ ಬುದ್ಧಿಭ್ರಮಣೆಯಾಯಿತು.

ಕಿರಿಯ: ಕೊಲ್ಲದೆಯೇ ಕೊಲ್ಲುವ ಏರ್ಪಾಡು.

ಹಿರಿಯ: ಹೌದು. ನಾಲ್ಕು ವರ್ಷದ ಕಠಿಣ ಸಜೆ, ಆಮೇಲೆ ಸೈಬೀರಿಯದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇವೆ, ಇದು ಉಳಿದ ಶಿಕ್ಷೆ. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಸುಮಾರು 10 ಪೌಂಡು ತೂಕದ ಬೇಡಿಯನ್ನು ಕಾಲಿಗೆ ಹಾಕಿ, ತೆರೆದ ಹಿಮಗಾಡಿಯಲ್ಲಿ ಅವನನ್ನು ಪೂರ್ವಕ್ಕೆ ಸಾಗಿಸಿದರು. ದಾರಿಯಲ್ಲಿ ತೊಬೋಲ್‌ಸ್ಕ್ ಎಂಬ ಊರಿನಲ್ಲಿ, ಹಿಂದೆ 1825ರ ದಂಗೆಯಲ್ಲಿ ದೇಶಭ್ರಷ್ಟರಾದವರ ಹೆಂಡಿರು, ಗಂಡಂದಿರನ್ನು ಹಿಂಬಾಲಿಸಿ ಬಂದು ಕಾಲು ಶತಮಾನ ಅಲ್ಲಿಯೇ ಸವೆಸಿದ್ದ ಆ ತಾಯಂದಿರು, ಬಂದಿಗಳನ್ನು ಕಂಡು, ಒಬ್ಬೊಬ್ಬರಿಗೂ ಹೊಸ ಒಡಂಬಡಿಕೆಯ ಒಂದೊಂದು ಪ್ರತಿಯನ್ನಿತ್ತರು. ಅದರ ರಟ್ಟಿನೊಳಗೆ ಹತ್ತು ರೂಬಲಿನ ನೋಟನ್ನು ಅಡಗಿಸಿದ್ದರು. ಆ ಪ್ರತಿಯನ್ನು ಆತ ಸಾಯುವವರೆಗೂ ಬಳಿಯಲ್ಲಿಟ್ಟುಕೊಂಡಿದ್ದ. 1850ರ ಜನವರಿಯಲ್ಲಿ ಓಮ್‌ಸ್ಕ್ ಕೋಟೆಯ ಸೆರೆಮನೆಯನ್ನು ಹೊಕ್ಕವನು 1854ರಲ್ಲಿ ಹೊರಬಂದ. ಬರೆಯಲು ಅಪ್ಪಣೆಯಿರಲಿಲ್ಲ, ಆಸ್ಪತ್ರೆಯ ವೈದ್ಯರ ಕರುಣೆಯಿಂದ ಒಂದು ಸಣ್ಣ ಪುಸ್ತಕದಲ್ಲಿ ಕೈದಿಗಳ ಬಾಯಿಂದ ಬಂದ ನುಡಿಗಟ್ಟುಗಳು, ಬೈಗುಳಗಳು, ಹಾಡಿನ ತುಣುಕುಗಳು, ಹೀಗೆ ಸುಮಾರು 500 ಮಾತುಗಳನ್ನು ಗುರುತು ಹಾಕಿಕೊಂಡಿದ್ದ. ನೀನು ಓದಿದ ಪುಸ್ತಕದ ಬೀಜ ಅದು. 1860ರಿಂದ 62ರವರೆಗೆ ಪತ್ರಿಕೆಗಳಲ್ಲಿ ಬಿಡಿಬಿಡಿಯಾಗಿ ಬಂದು ‘ಸತ್ತವರ ಮನೆಯ ಟಿಪ್ಪಣಿಗಳು’ ಎಂದಾಯಿತು.

ಕಿರಿಯ: ಹೀಗೆ ಸ್ವಾನುಭವವೇ ಆಗಿದ್ದ ಪಕ್ಷದಲ್ಲಿ ನೇರವಾಗಿ ಆತ್ಮಕಥೆಯೆಂದೇ ಬರೆಯಬಹುದಾಗಿತ್ತು. ನಡುವೆ ಕಾದಂಬರಿಯ ಪರದೆಯೇಕೆ? ನಾನಂತೂ ಓದುವಾಗ ‘ನಾನು’ ಎಂದು ಬಂದೆಡೆಯಲ್ಲೆಲ್ಲ ದಾಸ್ತೋವ್‌ಸ್ಕಿಯೆಂದೇ ಎಣಿಸಿದೆ.

ಹಿರಿಯ: ಪೀಠಿಕೆಯನ್ನು ಬಿಟ್ಟುದರ ಫಲ ಅದು. ಕಥೆ ಹೇಳುವಾತ ಗೊರ್ಯಾಂಚಿಕೋವ್ ಎಂಬೊಬ್ಬ ಕುಲೀನ. ಮದುವೆಯಾದ ವರುಷದಲ್ಲಿಯೇ ಮತ್ಸರದಿಂದ ಹೆಂಡತಿಯನ್ನು ಕೊಂದು ಹತ್ತು ವರ್ಷದ ಸಜೆ ಪಡೆದವನು.

ಕಿರಿಯ: ಹೆಂಡತಿಯನ್ನು ಕೊಂದವನೇ! ಅಷ್ಟು ಸೌಮ್ಯವಾಗಿ, ಅಷ್ಟು ಕನಿಕರದಿಂದ ಮಾತಾಡುವಾತ ಕೊಲೆಗಾರನೆಂದು ನನಗೆ ಒಂದು ಕ್ಷಣವೂ ತೋರಲಿಲ್ಲ.

ಹಿರಿಯ: ರಾಜಕೀಯ ಬಂದಿಯೊಬ್ಬನು ತನ್ನ ಸೆರೆವಾಸವನ್ನು ತನ್ನ ಹೆಸರಿನಲ್ಲಿಯೇ ಬರೆದಿದ್ದರೆ ಆ ಕಾಲದ ಸೆನ್ಸಾರಿನವರು ಬಿಡುತ್ತಿದ್ದರೆಂದು ನಂಬುವುದು ಕಷ್ಟ, ಪರದೆಯ ಹೊರಗಿನ ಕಾರಣ ಅದು. ಪರದೆ ಅಲ್ಲಲ್ಲಿ ಹರಿದೂ ಇದೆ: ಹೆಂಡತಿಯ ಕೊಲೆಯ ನೆನಪು ಕಥೆಯ ನಡುವೆ ಬಹುಮಟ್ಟಿಗೆ ಕಾಣಿಸಿಕೊಳ್ಳುವುದೇ ಇಲ್ಲ, ತನ್ನಂತೆಯೇ ಬಂದ ಕುಲೀನ ಬಂದಿಗಳ ವಿಷಯವನ್ನೆತ್ತುವಾಗ ಮಾತಾಡುವವನು ರಾಜಕೀಯ ಬಂದಿಯೇ ಎಂಬುದು ಗೋಚರವಾಗಿಬಿಡುತ್ತದೆ. ಆದರೂ ನನಗನ್ನಿಸುವುದನ್ನು ಹೇಳುತ್ತೇನೆ, ಕೇಳು. ಆ ಪರದೆಯಿಂದ ಪುಸ್ತಕಕ್ಕೆ ಒಂದು ನೀತಿ ಬಂತು. ‘ನಾನು ಓದಿದ ಪತ್ರದ ಸಲುವಾಗಿ ಅನ್ಯಾಯವಾಗಿ ಬಂದಿಯಾದೆ’ ಎಂದು ಹೇಳಲು ಹಕ್ಕಿದ್ದ ಮನುಷ್ಯನು ಆ ಹಕ್ಕನ್ನು ಕೆಳಗಿಟ್ಟು, ಕೊಲೆಗಾರರ ನಡುವೆ ಒಬ್ಬ ಕೊಲೆಗಾರನಾಗಿ ನಿಂತು ಮಾತಾಡಿದ. ನಿರಪರಾಧಿಯ ಎತ್ತರದಿಂದ ನೋಡಿದ್ದರೆ ಆ 250 ಮಂದಿ ಕೈದಿಗಳು ಅವನಿಗೆ ಕೇವಲ ದೃಶ್ಯವಾಗುತ್ತಿದ್ದರು. ಆ ನೀತಿಗೆ ಅವನು ಬೆಲೆಯನ್ನೂ ತೆತ್ತ. 1876ರಲ್ಲಿ, ಹದಿನಾಲ್ಕು ವರ್ಷಗಳ ಮೇಲೆ, ತನ್ನ ನಿಯತಕಾಲಿಕದಲ್ಲಿ ಬರೆಯುತ್ತ, ತಾನು ಹೆಂಡತಿಯನ್ನು ಕೊಂದು ಸೈಬೀರಿಯಕ್ಕೆ ಹೋದವನೆಂದು ಈಗಲೂ ನಂಬಿರುವ ಜನ ಬಹಳವಿದ್ದಾರೆಂದು ಹೇಳಿಕೊಂಡಿದ್ದಾನೆ.

ಕಿರಿಯ: ಆದರೆ ಕ್ರೌರ್ಯದ ವಿಷಯದಲ್ಲಿ ನನಗಾದ ಜುಗುಪ್ಸೆ ಇದರಿಂದ ಕಡಿಮೆಯಾಗುವುದಿಲ್ಲ. ಸಾಲಾಗಿ ಎದುರುಬದುರು ನಿಂತ ಸಿಪಾಯಿಗಳ ನಡುವೆ ಒಬ್ಬನನ್ನು ನಡೆಸಿ, ಪ್ರತಿಯೊಬ್ಬನೂ ಒಂದೊಂದೇಟು ಹಾಕುತ್ತ ಸಾವಿರದ ಲೆಕ್ಕಕ್ಕೆ ಮುಟ್ಟಿಸುವುದು. ಅರ್ಧದಲ್ಲಿ ಜೀವ ಹೋಗುವಂತೆ ಕಂಡರೆ ಆಸ್ಪತ್ರೆಗೆ ಕಳಿಸಿ, ಗಾಯ ಮಾಯಿಸಿ, ಉಳಿದರ್ಧವನ್ನು ಪೂರೈಸಲು ಮತ್ತೆ ಕರೆಸಿಕೊಳ್ಳುವುದು. ಲೆಕ್ಕದಲ್ಲಿ ಒಂದೂ ತಪ್ಪದಂಥ ಈ ಶಿಸ್ತನ್ನು ಕಂಡು ನನಗೆ ಸಿಟ್ಟಿಗಿಂತ ಭಯವಾಯಿತು.

ಹಿರಿಯ: ಆ ಸಾಲುದಂಡನೆಯನ್ನು ಪುಸ್ತಕ ಬಂದ ಮರುವರ್ಷ, 1863ರ ಏಪ್ರಿಲಿನಲ್ಲಿ, ರದ್ದುಮಾಡಿದರು. ಪುಸ್ತಕದಿಂದಲೇ ಆಯಿತೆಂದು ನಾನು ಹೇಳೆನು. ಜೀತದ ವಿಮೋಚನೆಯಾಗಿ ಎರಡು ವರ್ಷವಾಗಿತ್ತು, ಕಾಲವೇ ತಿರುಗುತ್ತಿತ್ತು. ಆದರೆ ನೀನು ಭಯವೆಂದೆಯಲ್ಲ, ಅದು ಸರಿಯಾದ ಮಾತು. ಇಬ್ಬರು ಅಧಿಕಾರಿಗಳ ಚಿತ್ರ ಆಸ್ಪತ್ರೆಯ ಪ್ರಕರಣದಲ್ಲಿದೆ. ನೀನು ನಿಲ್ಲಿಸಿದ ಪುಟದಿಂದ ಬಹುದೂರವಿಲ್ಲ. ಒಬ್ಬ ಝೆರೆಬ್ಯಾತ್ನಿಕೋವ್. ಅವನಿಗೆ ದಂಡಿಸುವುದೆಂದರೆ ಭೋಜನಪ್ರಿಯನಿಗೆ ಮೃಷ್ಟಾನ್ನವಿದ್ದಂತೆ. ಕೈದಿ ಅತ್ತು ಬೇಡಿಕೊಂಡರೆ ಕರಗಿದವನಂತೆ ನಟಿಸಿ, ಅನಾಥನೆಂದು ಮರುಗಿ, ಈ ಸಲ ಹಗುರವಾಗಿ ಬಿಡುತ್ತೇನೆಂದು ಮಾತು ಕೊಟ್ಟು, ಆ ಬಡಪಾಯಿ ಕೃತಜ್ಞತೆಯಿಂದ ಕಣ್ಣೊರೆಸಿಕೊಂಡು ಸಾಲಿನೊಳಕ್ಕೆ ಕಾಲಿಟ್ಟ ಕೂಡಲೆ, ಮೈಮುರಿಯುವಂತೆ ಬಾರಿಸಿರೆಂದು ಕೂಗಿ, ಪಕ್ಕೆ ಹಿಡಿದುಕೊಂಡು ನಗುತ್ತಿದ್ದ. ಇವನನ್ನು ಎಲ್ಲರೂ ದ್ವೇಷಿಸುತ್ತಿದ್ದರು. ಇನ್ನೊಬ್ಬ ಸ್ಮೆಕಾಲೋವ್. ಅವನೂ ಬೆತ್ತದೇಟು ಹಾಕಿಸಿದವನೇ. ಮಲಗಿಸಿದ ಕೈದಿಯಿಂದ ದೇವರ ಪ್ರಾರ್ಥನೆಯನ್ನು ಹೇಳಿಸುತ್ತಿದ್ದ; ಆಕಾಶದ ಮಾತು ಬರುವ ಚರಣಕ್ಕೆ ಕೈದಿ ಬಂದಾಗ ಅದಕ್ಕೆ ಪ್ರಾಸ ಕೂಡುವಂತೆ ‘ಹಾಕು’ ಎಂಬರ್ಥದ ಮಾತನ್ನು ಗರ್ಜಿಸುತ್ತಿದ್ದ; ಬೆತ್ತ ಅಲ್ಲಿಂದ ಬೀಳುತ್ತಿತ್ತು. ಆತ ನಗುತ್ತಿದ್ದ, ಹೊಡೆಯುವವನೂ ನಗುತ್ತಿದ್ದ. ಈ ಸ್ಮೆಕಾಲೋವನನ್ನು ಕೈದಿಗಳು ವರ್ಷಗಳ ಮೇಲೆ ಅಕ್ಕರೆಯಿಂದ ನೆನೆಯುತ್ತಿದ್ದರು, ತಂದೆಯಂಥವನೆನ್ನುತ್ತಿದ್ದರು.

ಕಿರಿಯ: ಏಟು ತಿಂದವರೇ?

ಹಿರಿಯ: ಏಟು ತಿಂದವರೇ. ಏಟು ಒಂದೇ ಆಗಿದ್ದರೂ ಒಬ್ಬನು ಅವರನ್ನು ತನ್ನವರಂತೆ ಕಂಡನೆಂದು ಅವರಿಗನ್ನಿಸಿತು. ಮನುಷ್ಯರೆಂಬ ಗಣನೆ ಎಷ್ಟು ಕಡಿಮೆಯಾಗಿ ಸಿಕ್ಕುವ ಸ್ಥಳವಾಗಿದ್ದರೆ, ಬೆತ್ತದ ಜೊತೆಯಲ್ಲಿ ಬಂದ ನಗುವನ್ನೂ ಅವರು ಪ್ರೀತಿಯೆಂದು ತೆಗೆದುಕೊಂಡಿರಬೇಕು, ನೋಡು. ನನಗೆ ಈ ಪುಸ್ತಕದಲ್ಲಿ ಝೆರೆಬ್ಯಾತ್ನಿಕೋವನಿಗಿಂತ ಸ್ಮೆಕಾಲೋವನೇ ಹೆಚ್ಚು ಘೋರವಾಗಿ ಕಾಣುತ್ತಾನೆ. ರಾಕ್ಷಸನನ್ನು ದೂರವಿಡುವುದು ಸುಲಭ. ಒಳ್ಳೆಯವನು ಒಳ್ಳೆಯವನಾಗಿಯೇ ಇದ್ದುಕೊಂಡು, ಮನಸ್ಸಿನಲ್ಲಿ ವಿಷವಿಲ್ಲದೆ, ಮತ್ತೊಬ್ಬನ ಮೈಯ ಮೇಲೆ ತನಗಿರುವ ಅಧಿಕಾರವನ್ನು ಗಾಳಿಬೆಳಕಿನಷ್ಟು ಸಹಜವೆಂದು ಭಾವಿಸಿದಾಗ ಅವನನ್ನು ದೂರವಿಡುವುದು ಹೇಗೆ? ಕ್ರೌರ್ಯವು ಅಭ್ಯಾಸದಿಂದ ಬಲಿತು ಕಡೆಗೆ ರೋಗವಾಗುತ್ತದೆಂದು, ಎಂಥ ಸಜ್ಜನನೂ ಅದಕ್ಕೆ ಪಕ್ಕಾಗಬಲ್ಲನೆಂದು ದಾಸ್ತೋವ್‌ಸ್ಕಿ ಅಲ್ಲಿ ವಾದಿಸುತ್ತಾನೆ. ಆ ವಾದವನ್ನು ನಾನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಕಿರಿಯ: ಎಂದರೆ?

ಹಿರಿಯ: ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನಾನೊಂದು ಶಾಲೆಗೆ ಉಪಾಧ್ಯಾಯನಾಗಿ ಹೋದೆ. ಯಾವುದೆಂಬುದು ಬೇಡ. ಮೇಜಿನ ಮೇಲೆ ಹಾಜರಿ ಪುಸ್ತಕ, ಸೀಮೆಸುಣ್ಣ, ಬೆತ್ತ, ಈ ಮೂರನ್ನೂ ನನಗೆ ಒಪ್ಪಿಸಿದರು. ನನಗಿಂತ ಹಿಂದೆ ಇದ್ದವರಿಗೂ ಹಾಗೆಯೇ ಒಪ್ಪಿಸಿದ್ದರು. ಮೊದಲ ವಾರ ಒಬ್ಬ ಹುಡುಗನ ಅಂಗೈಗೆ ಎರಡೇಟು ಕೊಟ್ಟು ಬಂದ ರಾತ್ರಿ ನನಗೆ ಊಟ ಸೇರಲಿಲ್ಲ. ಎರಡನೆಯ ತಿಂಗಳಲ್ಲಿ ಊಟ ಸೇರಿತು. ನಾಲ್ಕನೆಯ ತಿಂಗಳ ಹೊತ್ತಿಗೆ, ಮಗ್ಗಿ ಹೇಳಿಸುವಾಗ, ತಪ್ಪು ಬರಲೆಂದು ಕಾಯುವ ಒಂದು ಬಗೆಯ ಚುರುಕು ನನ್ನ ತೋಳಿನೊಳಗೆ ತಾನೇ ತಾನಾಗಿ ಸೇರಿಕೊಂಡಿತ್ತು. ಅದನ್ನು ನಾನು ಗಮನಿಸಲೇ ಇಲ್ಲ. ನಾನು ದುಷ್ಟನೆಂದು ಯಾರೂ ಹೇಳುತ್ತಿರಲಿಲ್ಲ. ಆ ಹುಡುಗರೇ ಹಬ್ಬದ ದಿನ ಮನೆಗೆ ಬಂದು ಕಾಲಿಗೆರಗಿ ಹೋಗುತ್ತಿದ್ದರು. ಒಂದು ದಿನ ಹದಿಮೂರರ ಮಗ್ಗಿಯಲ್ಲಿ ಒಂದು ಲೆಕ್ಕ ಕೇಳಿದೆ. ಹುಡುಗ ಎದ್ದುನಿಂತು, ಬಾಯಿ ತೆರೆಯುವ ಮುಂಚೆಯೇ ಅಂಗೈಯನ್ನು ಚಾಚಿ, ಕಣ್ಣು ಮುಚ್ಚಿಕೊಂಡು, ಆಮೇಲೆ ಉತ್ತರ ಹೇಳಿದ. ಉತ್ತರ ಸರಿಯಾಗಿತ್ತು. ಚಾಚಿದ ಕೈಯನ್ನು ಅವನು ಇನ್ನೂ ಮಡಿಸಿರಲಿಲ್ಲ.

ಕಿರಿಯ: ತಾವು ಏನು ಮಾಡಿದಿರಿ?

ಹಿರಿಯ: ಕುಳಿತುಕೊಳ್ಳೆಂದೆ. ಅಷ್ಟೇ. ಬೆತ್ತ ಹಿಡಿಯುವುದನ್ನು ಅಂದಿನಿಂದ ಬಿಟ್ಟೆ. ಆದರೆ ಆ ಹುಡುಗನಿಗೆ ಹೇಳಬೇಕಾಗಿದ್ದ ಮಾತನ್ನು ಹೇಳಲಿಲ್ಲ. ಎಂಟೊಂಬತ್ತು ವರ್ಷದ ಮೇಲೆ ಈ ಪುಸ್ತಕ ಕೈಗೆ ಬಂದಾಗ ನನ್ನ ತೋಳಿನ ಆ ಚುರುಕಿನ ಹೆಸರು ನನಗೆ ತಿಳಿಯಿತು. ಪುನಃ ಪುನಃ ಏಕೆ ಓದುತ್ತೀರೆಂದು ಕೇಳಿದೆಯಲ್ಲ. ಅದಕ್ಕೆ ಕಾರಣ ಇದು.

ಕಿರಿಯ: ಕ್ಷಮಿಸಿ, ಮೇಷ್ಟರೇ. ನಾನು ಕೇಳಬಾರದಾಗಿತ್ತು.

ಹಿರಿಯ: ಕೇಳಿದ್ದು ಒಳ್ಳೆಯದಾಯಿತು. ಹೇಳಲು ನನಗೂ ಇಷ್ಟು ವರ್ಷ ಬೇಕಾಯಿತು.

ಕಿರಿಯ: ಇನ್ನೊಂದು ಸಂಶಯವಿದೆ. ಕ್ರೌರ್ಯದ ಭಾಗ ಅರ್ಥವಾಗುತ್ತದೆ. ಆದರೆ ಕೈದಿಗಳ ನಡತೆಯೇ ನನಗೆ ವಿಚಿತ್ರವಾಗಿ ತೋರಿತು. ತಿಂಗಳುಗಟ್ಟಲೆ ರಾತ್ರಿ ನಿದ್ದೆಗೆಟ್ಟು, ಕಳ್ಳತನದಲ್ಲಿ ಚಪ್ಪಲಿ ಹೊಲಿದೋ ಬಟ್ಟೆ ಹೊಲಿದೋ ಕಾಸು ಕಾಸಾಗಿ ಕೂಡಿಸಿಟ್ಟ ಹಣವನ್ನು ಒಂದೇ ದಿನ ಕುಡಿದು ಕಳೆಯುತ್ತಾರೆ. ಹಾಗೆ ಕಳೆಯುವ ದಿನ ಎಲ್ಲರೂ ನೋಡಲೆಂದು ಅಂಗಳದಲ್ಲಿ ಮೆರೆಯುತ್ತಾರೆ. ಇದರಲ್ಲಿ ಸ್ವಾತಂತ್ರ್ಯವೆಲ್ಲಿದೆ? ತಾವು ಈ ಪುಸ್ತಕವನ್ನು ಸ್ವಾತಂತ್ರ್ಯದ ಪುಸ್ತಕವೆಂದು ಕೊಟ್ಟಿರಿ.

ಹಿರಿಯ: ಅಲ್ಲಿಯೇ ಇದೆ. ಏಳುವ ಹೊತ್ತು, ಉಣ್ಣುವ ಹೊತ್ತು, ಮಲಗುವ ಮೂರು ಹಲಗೆ, ಅರ್ಧ ಬೋಳಿಸಿದ ತಲೆ, ಎರಡು ಬಣ್ಣದ ಅಂಗಿ, ಎಲ್ಲವನ್ನೂ ಮತ್ತೊಬ್ಬರು ನಿಶ್ಚಯಿಸುವ ಕಡೆ, ಈ ಹಣವನ್ನು ಇಂದೇ ಹಾಳುಮಾಡುತ್ತೇನೆಂದು ತಾನೇ ನಿಶ್ಚಯಿಸುವುದು ಅವನಿಗೆ ಉಳಿದಿದ್ದ ಏಕೈಕ ಸಂಕಲ್ಪ. ಹಣದಿಂದ ಏನು ಕೊಂಡ ಎಂಬುದು ಮುಖ್ಯವಲ್ಲ. ಒಂದು ಹಗಲು ತನ್ನ ಇಚ್ಛೆಯಂತೆ ನಡೆದೆನೆಂಬ ಭಾವನೆಯನ್ನು ಕೊಂಡ. ವರ್ಷಾನುಗಟ್ಟಲೆ ತಲೆತಗ್ಗಿಸಿ ನಡೆದ ಕೈದಿ ಒಂದು ದಿನ ಯಾವ ಕಾರಣವೂ ಕಾಣದೆ ಕೆರಳಿ ಅಧಿಕಾರಿಯ ಮೇಲೆ ಬೀಳುವುದುಂಟು; ಮೇಲಿನವರು ಬೆರಗಾಗುತ್ತಾರೆ. ಜೀವಂತವಾಗಿ ಹೂತುಹೋದವನು ಎಚ್ಚರಗೊಂಡು ಪೆಟ್ಟಿಗೆಯ ಮುಚ್ಚಳವನ್ನು ಬಡಿದರೆ, ಅದರಿಂದ ಪ್ರಯೋಜನವಿಲ್ಲವೆಂಬ ತರ್ಕವನ್ನು ಅವನಿಗೆ ಯಾರು ಕಲಿಸಬಲ್ಲರು? ಬೈಬಲನ್ನು ಹಗಲಿರುಳೂ ಓದುತ್ತಿದ್ದ ಒಬ್ಬ ಶಾಂತ ಕೈದಿ ಕಾರಾಗೃಹದ ಮೇಜರನ ಮೇಲೆ ಇಟ್ಟಿಗೆ ಎಸೆದ. ಗುರಿ ತಪ್ಪಿತು. ಅವನು ಎಸೆದದ್ದು ದ್ವೇಷದಿಂದಲ್ಲ, ನೋವನ್ನು ತಾನಾಗಿ ವರಿಸಬೇಕೆಂದು. ಅದಕ್ಕಾಗಿ ವಿಧಿಸಿದ ಏಟಿನಿಂದ ಸತ್ತ. ಅವನ ಕೃತ್ಯವನ್ನು ನಾನು ಮೆಚ್ಚಲಾರೆ. ಆದರೆ ಅಲ್ಲಿ ಕೊಡುವ ನೋವನ್ನು ಕೂಡ ಕೊಡುವವರಿಂದ ಕಿತ್ತುಕೊಂಡು ತನ್ನದಾಗಿ ಮಾಡಿಕೊಳ್ಳಬೇಕೆಂದು ಹಂಬಲಿಸಿದ ಆ ಜೀವವನ್ನು ಹುಚ್ಚನೆಂದು ತಳ್ಳಿಹಾಕಲೂ ಆರೆ.

ಕಿರಿಯ: ಹಾಗಾದರೆ ಅಲ್ಲಿ ಸ್ವಾತಂತ್ರ್ಯ ಎಂಬುದು ವಿನಾಶದ ರೂಪದಲ್ಲಿ ಮಾತ್ರ ಪ್ರಕಟವಾಗುತ್ತದೆಯೇ?

ಹಿರಿಯ: ಇಲ್ಲ. ಕ್ರಿಸ್‌ಮಸ್ಸಿನ ನಾಟಕದ ಅಧ್ಯಾಯವನ್ನು ಓದಿದೆಯಷ್ಟೆ? ಹಳೆಯ ಅಂಗಿ, ಕಾಲಿಗೆ ಸುತ್ತುವ ಚಿಂದಿ, ಬಟ್ಟೆ ಸಾಲದಿದ್ದೆಡೆ ಕಾಗದ, ಇವನ್ನೆಲ್ಲ ಹೊಲಿದು ಬಣ್ಣಬಳಿದು ಮಾಡಿದ ಪರದೆ. ಬೇಡಿ ಹೊತ್ತ ಕಾಲುಗಳು. ಕಿಕ್ಕಿರಿದ ಬ್ಯಾರಕ್ಕಿನಲ್ಲಿ ಉಸಿರು ಬಿಗಿಹಿಡಿದ ಮುಖಗಳು. ಕುಲೀನನೆಂದು ಹಗಲೆಲ್ಲ ಕಾಲೆಳೆಯುತ್ತಿದ್ದವರೇ ಆ ರಾತ್ರಿ ಗೊರ್ಯಾಂಚಿಕೋವನಿಗೆ ಮುಂದಿನ ಸ್ಥಳ ಬಿಟ್ಟುಕೊಟ್ಟರು; ರಂಗಭೂಮಿಯ ವಿಷಯದಲ್ಲಿ ಅವನಿಗೆ ತಮಗಿಂತ ಹೆಚ್ಚು ತಿಳಿದಿದೆ, ಆದುದರಿಂದ ಸ್ಥಳ ಅವನದು ಎಂಬ ನ್ಯಾಯಬುದ್ಧಿಯಿಂದ. ದೀನತೆಯಿಂದಲ್ಲ, ಗಮನಿಸು. ಆ ಕೆಲವು ಗಳಿಗೆ ಅಲ್ಲಿ ಕಳ್ಳನೂ ಕೊಲೆಗಾರನೂ ಇರಲಿಲ್ಲ, ನಟರಿದ್ದರು, ಸಹೃದಯರಿದ್ದರು. ಅಂದಿನ ರಾತ್ರಿ ಜಗಳವಿಲ್ಲದೆ ಎಲ್ಲರೂ ಮಲಗಿದರು. ನಾನು ಈ ಅಧ್ಯಾಯವನ್ನು ಆ ಪುಸ್ತಕದ ಹೃದಯವೆನ್ನುತ್ತೇನೆ. ಒಳಗಿನ ಮನುಷ್ಯನನ್ನು ಕೊಂದು ಮುಗಿಸಿದೆವೆಂದು ಎಣಿಸಿದ್ದವರಿಗೆ ಅದಕ್ಕಿಂತ ದೊಡ್ಡ ಉತ್ತರವನ್ನು ಯಾರೂ ಬರೆದಿಲ್ಲ.

ಕಿರಿಯ: ಅದು ನಿಜ. ಅದನ್ನೋದುವಾಗ ನನ್ನ ಕಣ್ಣು ತುಂಬಿತು.

ಹಿರಿಯ: ಇನ್ನೊಂದು ಸಂಗತಿ. ಪುಸ್ತಕದ ಮೊದಲ ಭಾಗಗಳನ್ನು ಕಂಡ ಸೆನ್ಸಾರ್ ಮಂಡಲಿಯವರಿಗೆ ಅದರ ಕತ್ತಲೆ ಭಯವನ್ನು ತರಲಿಲ್ಲ. ಕೈದಿಗಳಿಗೆ ಸಿಗುತ್ತಿದ್ದ ರೊಟ್ಟಿ ಇಷ್ಟು ಚೆನ್ನಾಗಿತ್ತೆಂದು ಬರೆದರೆ, ಹೊರಗಿನ ಬಡವರು ಶಿಕ್ಷೆಯನ್ನು ಹಗುರವೆಂದೆಣಿಸಿಯಾರೆಂಬುದು ಅವರ ಆತಂಕ! ಅದಕ್ಕುತ್ತರವಾಗಿ ದಾಸ್ತೋವ್‌ಸ್ಕಿ ಕೆಲವು ಪುಟಗಳನ್ನು ಹೆಚ್ಚಾಗಿ ಬರೆದು ಕಳಿಸಿದ. ಒಂದು ಅರಮನೆಯನ್ನು ಕಟ್ಟಿಸಿ, ಚಿನ್ನ, ಅಮೃತಶಿಲೆ, ತೂಗುತೋಟ, ಯಾವುದಕ್ಕೂ ಕೊರತೆಯಿಲ್ಲದಂತೆ ತುಂಬಿ, ಸುತ್ತಲೂ ಬೇಲಿ ಹಾಕಿ, ಹೊರಗೆ ಮಾತ್ರ ಹೋಗಬೇಡವೆಂದರೆ, ಮನುಷ್ಯನು ಆ ಕ್ಷಣದಲ್ಲಿಯೇ ಬೇಲಿಯಾಚೆಗೆ ನೋಡತೊಡಗುತ್ತಾನೆಂಬುದು ಅವನ ತಾತ್ಪರ್ಯ. ನಾಲ್ಕು ವರ್ಷ ಎಲೆಕೋಸಿನ ಸಾರಿನಲ್ಲಿ ತೇಲುತ್ತಿದ್ದ ಜಿರಳೆಗಳನ್ನು ಎತ್ತಿಹಾಕಿ ಉಂಡವನು, ಸೆರೆಯ ದುಃಖ ಸಾರಿನಲ್ಲಿಯೂ ಇಲ್ಲ, ಜಿರಳೆಯಲ್ಲಿಯೂ ಇಲ್ಲ ಎಂದು ಹೇಳಬೇಕಾಯಿತು.

ಕಿರಿಯ: ಆದರೆ ಮೇಷ್ಟರೇ, ತಾವು ಇಷ್ಟು ಪ್ರೀತಿಯಿಂದ ಮಾತಾಡುತ್ತಿರುವಾಗ ಒಂದು ದೋಷವನ್ನು ಎತ್ತಿ ತೋರಿಸಬಹುದೇ? ಇಸಾಯ್ ಫೊಮಿಚ್ ಎಂಬ ಯೆಹೂದಿ ಕೈದಿಯ ಚಿತ್ರಣ ನನಗೆ ಹಿಡಿಸಲಿಲ್ಲ. ಮಿಕ್ಕೆಲ್ಲ ಕೈದಿಗಳ ಒಳಗನ್ನು ತಡಕಿ ನೋಡುವವನು ಅವನ ಹತ್ತಿರ ಬಂದಾಗ ಬರಿಯ ನಗೆಪಾಟಲಿನ ಗೊಂಬೆಯನ್ನು ಮಾಡಿ ನಿಲ್ಲಿಸಿಬಿಟ್ಟಿದ್ದಾನೆ. ಅವನ ಪ್ರಾರ್ಥನೆಯೂ ಅಲ್ಲಿ ನಗೆಯ ವಸ್ತು.

ಹಿರಿಯ: ಆ ಮಾತಿಗೆ ನನ್ನಲ್ಲಿ ಸಮಾಧಾನವಿಲ್ಲ; ನೀನು ಹೇಳಿದ್ದು ಯಥಾರ್ಥ. ದಾಗೆಸ್ತಾನದ ಆಲೆಯ್ ಎಂಬ ಮುಸಲ್ಮಾನ ತರುಣನನ್ನು ವರ್ಣಿಸುವಾಗ ಯಾವ ಕಣ್ಣಿನಲ್ಲಿ ಅಷ್ಟು ವಾತ್ಸಲ್ಯವಿತ್ತೋ, ಹೊಸ ಒಡಂಬಡಿಕೆಯೊಂದನ್ನೇ ಪಠ್ಯವಾಗಿಟ್ಟುಕೊಂಡು ಅವನಿಗೆ ಅಕ್ಷರ ಕಲಿಸಿದ ಕೈಗೆ ಯಾವ ತಾಳ್ಮೆಯಿತ್ತೋ, ಅದು ಇಸಾಯ್ ಫೊಮಿಚನ ಬಳಿ ಬಂದು ಬತ್ತಿಹೋಯಿತು. ಆ ಪೂರ್ವಗ್ರಹ ಮುಂದೆ ದಾಸ್ತೋವ್‌ಸ್ಕಿಯಲ್ಲಿ ಇನ್ನೂ ಕಹಿಯಾಯಿತೆಂಬುದೂ ನಿಜ. ಅಷ್ಟು ಕಂಡವನೂ ಒಂದೆಡೆ ಕುರುಡನಾದನೆಂಬುದು ನನ್ನನ್ನು ನೋಯಿಸುತ್ತದೆ. ನಿನ್ನ ಮಾತನ್ನು ನಾನು ಪುಸ್ತಕದ ಅಂಚಿನಲ್ಲಿ ಬರೆದಿಡುತ್ತೇನೆ.

ಕಿರಿಯ: ಹಾಗಾದರೆ ಜನರೊಡನೆ ಅವನು ಒಂದಾದನೆಂಬುದು ಸಹ ಪೂರ್ಣಸತ್ಯವಲ್ಲ.

ಹಿರಿಯ: ಒಂದಾದೆನೆಂದು ಅವನೇ ಹೇಳುವುದಿಲ್ಲ. ಆಹಾರ ಕೆಟ್ಟುದೆಂದು ಕೈದಿಗಳೆಲ್ಲ ಸೇರಿ ಮೇಜರನಿಗೆ ದೂರು ಕೊಡಲು ಅಂಗಳದಲ್ಲಿ ಸಾಲುನಿಂತ ಪ್ರಸಂಗ ಎರಡನೆಯ ಭಾಗದಲ್ಲಿದೆ. ಗೊರ್ಯಾಂಚಿಕೋವನೂ ಹೋಗಿ ಸಾಲಿನಲ್ಲಿ ನಿಂತ. ನಿನಗಿಲ್ಲಿ ಕೆಲಸವಿಲ್ಲ, ಒಳಗೆ ಹೋಗೆಂದು ಅವನನ್ನು ಹೊರಡಿಸಿದರು. ಆಮೇಲೆ ಅವನು ಪೆಟ್ರೋವ್ ಎಂಬ ಕೈದಿಯನ್ನು ಕೇಳುತ್ತಾನೆ: ಸಹವಾಸಿಗಳೆಂಬ ನಂಟಿನಿಂದ ನಾವೂ ಬರಬೇಕಲ್ಲವೇ ಎಂದು. ಪೆಟ್ರೋವನಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ನೀವು ನಮಗೆ ಸಂಗಾತಿಗಳಾಗುವುದು ಹೇಗೆಂದು ನಿಷ್ಕಪಟವಾಗಿ ಆಶ್ಚರ್ಯಪಡುತ್ತಾನೆ. ಈ ಪೆಟ್ರೋವನೇ ಹಿಂದೆ ಸ್ನಾನದ ಮನೆಯಲ್ಲಿ, ನೂರು ಜನ ಬೇಡಿಗಳನ್ನು ತೊಡರಿಸಿಕೊಂಡು ಹಬೆಯಲ್ಲಿ ಒದ್ದಾಡುವಾಗ, ಮಗುವಿಗೆ ಮಾಡುವಂತೆ ಇವನ ಪಾದಗಳನ್ನು ತೊಳೆದವನು. ಇವನ ಬೈಬಲನ್ನು ಕದ್ದು ಮಾರಿ ಕುಡಿದು, ಅಂದೇ ಸಂಜೆ ಬಂದು ಹಾಗೆ ಮಾಡಿದೆನೆಂದು ಶಾಂತವಾಗಿ ಹೇಳಿದವನೂ ಅವನೇ. ಪ್ರೀತಿಯಿತ್ತು, ಸಮಾನತೆಯಿರಲಿಲ್ಲ. ಒಡೆಯರ ಮಕ್ಕಳಿಗೂ ಜೀತದ ಮಕ್ಕಳಿಗೂ ನಡುವೆ ಶತಮಾನಗಳು ತೋಡಿದ ಕಂದಕವನ್ನು ಒಂದೇ ಬಗೆಯ ಬೇಡಿ ತುಂಬಲಾರದೆ ಹೋಯಿತು. ಇದನ್ನು ಮುಚ್ಚಿಡದೆ ಬರೆದನಲ್ಲ, ಅದು ಅವನ ಪ್ರಾಮಾಣಿಕತೆ.

ಕಿರಿಯ: ನಾನು ನಿಲ್ಲಿಸಿದ ಆಸ್ಪತ್ರೆಯ ಪ್ರಕರಣದಲ್ಲಿ ಇನ್ನೇನಿದೆ? ಏಟುಗಳೇ ತುಂಬಿದ್ದರೆ ನಾನು ಮತ್ತೆ ತೆಗೆಯಲಾರೆ.

ಹಿರಿಯ: ಮಿಖಾಯ್ಲೋವ್ ಎಂಬ ಕ್ಷಯರೋಗಿಯ ಸಾವು ಇದೆ. ಆ ತರುಣನಿಗೆ ಇಪ್ಪತ್ತೈದು ವರ್ಷವಿರಬಹುದು. ಹೊದಿಕೆಯೂ ಅಂಗಿಯೂ ಅವನ ಉಸಿರಿಗೆ ಭಾರವಾಗಿ, ಒಂದೊಂದನ್ನೂ ಕಿತ್ತೆಸೆದು, ಕಡೆಗೆ ಎಲುಬಿನ ಮೈಯೊಂದೇ ಉಳಿಯುತ್ತದೆ. ಕಾಲಿನ ಬೇಡಿಯೊಂದನ್ನು ಮಾತ್ರ ಕಿತ್ತೆಸೆಯಲಾಗದು. ಎದ್ದು ನಿಲ್ಲಲಾರದ ರೋಗಿಗೂ ಅಲ್ಲಿ ಬೇಡಿ ತೆಗೆಯುತ್ತಿರಲಿಲ್ಲ. ಸತ್ತನೆಂದು ಕರೆಕಳಿಸಿದಾಗ ಕಾವಲಿನ ಹಳೆಯ ಸೈನಿಕನೊಬ್ಬ ಬರುತ್ತಾನೆ, ಶಿರಸ್ತ್ರಾಣ, ಖಡ್ಗ, ಎಲ್ಲ ಶಿಸ್ತಿನ ಉಡುಪಿನಲ್ಲಿ. ಮಂಚದ ಹತ್ತಿರ ಬಂದವನು ಆ ಬತ್ತಲೆ ಮೈಯನ್ನೂ ಅದರ ಮೇಲಿನ ಕಬ್ಬಿಣವನ್ನೂ ಕಂಡು, ಯಾರೂ ಹೇಳದೆ, ಶಿರಸ್ತ್ರಾಣವನ್ನು ತೆಗೆದು ಶಿಲುಬೆಯ ಗುರುತು ಮಾಡಿಕೊಳ್ಳುತ್ತಾನೆ. ಪಕ್ಕದಲ್ಲಿದ್ದ ಒಬ್ಬ ಕೈದಿ, ಇವನಿಗೂ ತಾಯಿಯಿದ್ದಳೆಂದು ತನಗೆ ತಾನೇ ಎಂಬಂತೆ ಅಂದು, ಹೊರಟುಹೋಗುತ್ತಾನೆ. ಶವವನ್ನು ಮಂಚದಿಂದ ಎತ್ತಿದಾಗ ಬೇಡಿ ನೆಲಕ್ಕೆ ಬಡಿದು ಸದ್ದಾಗುತ್ತದೆ.

ಕಿರಿಯ: ಸತ್ತವನ ಕಾಲಿನದೂ.

ಹಿರಿಯ: ಸತ್ತವನ ಕಾಲಿನದೂ.

ಕಿರಿಯ: ನಾನು ಓದಿದಷ್ಟರಲ್ಲಿ ಮನಸ್ಸಿನಿಂದ ಮಾಯದ ಮನುಷ್ಯನೆಂದರೆ ಬೇಲಿಯ ಗೂಟಗಳನ್ನೆಣಿಸುತ್ತಿದ್ದವನು. ಅವನ ಹೆಸರನ್ನೂ ಕೊಟ್ಟಿಲ್ಲ. ಸೆರೆಮನೆಯ ಸುತ್ತ ಒಂದೂವರೆ ಸಾವಿರ ಗೂಟಗಳು. ಒಂದೊಂದೂ ಒಂದೊಂದು ದಿನ. ದಿನಕ್ಕೊಂದನ್ನು ಕಳೆಯುತ್ತ ಬಂದರೆ ಎದುರಿಗೆ ಉಳಿದವು ಎಷ್ಟೆಂಬುದು ಕಣ್ಣಿಗೇ ಕಾಣುತ್ತದೆ. ಒಂದು ಪಕ್ಕ ಮುಗಿದಾಗ ಅವನು ಪಡುತ್ತಿದ್ದ ಹರ್ಷವನ್ನು ಕಲ್ಪಿಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಅವನ ಸಲುವಾಗಿಯೇ ನಾನು ಕಡೆಯ ಪುಟಕ್ಕೆ ಹಾರಿದೆನೋ ಏನೋ. ಕಮ್ಮಾರಸಾಲೆಯಲ್ಲಿ ಕೈದಿಗಳೇ ಬೇಡಿಯ ಕಡಾಣಿಯನ್ನು ಹೊಡೆದು ತೆಗೆದಾಗ, ಬಿದ್ದ ಕಬ್ಬಿಣವನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಬೇಕೆನ್ನಿಸುತ್ತದಲ್ಲ ಅವನಿಗೆ, ಅಲ್ಲಿ ನನಗೆ ಕಣ್ಣಿಗೆ ಬೆಳಕು ಬಂದಂತಾಯಿತು.

ಹಿರಿಯ: ಪುಸ್ತಕವನ್ನು ತೆಗೆ. ಕಡೆಯ ಪುಟವಲ್ಲ, ನೀನು ಬಿಟ್ಟ ಮೊದಲ ಪುಟ. ಸೈಬೀರಿಯದ ಒಂದು ಸಣ್ಣ ಊರಿನಲ್ಲಿ, ಬಿಡುಗಡೆಯಾಗಿ ನೆಲಸಿದ ಒಬ್ಬ ಮನುಷ್ಯ. ಮೂವತ್ತೈದರ ಆಸುಪಾಸು, ಬಿಳಿಚಿದ ಸಣ್ಣ ಮೈ. ಒಬ್ಬ ಅಧಿಕಾರಿಯ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಾನೆ. ಯಾರಾದರೂ ಮಾತಾಡಿಸಿದರೆ ಪ್ರತಿಯೊಂದು ಶಬ್ದವನ್ನೂ ವಿನಯದಿಂದ ಕೇಳಿ, ಚುಟುಕಾಗಿ ಉತ್ತರವಿತ್ತು, ಎದ್ದುಹೋಗುವುದನ್ನೇ ಕಾಯುತ್ತಾನೆ. ರಾತ್ರಿಯೆಲ್ಲ ಕೋಣೆಯಲ್ಲಿ ಅತ್ತಿಂದಿತ್ತ ತಿರುಗುತ್ತಾನೆ. ಒಂದೊಂದು ಸಲ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾನೆ. ವೈದ್ಯನನ್ನೂ ಕರೆಸದೆ ಒಂಟಿಯಾಗಿ ಸಾಯುತ್ತಾನೆ. ಪೀಠಿಕೆಯನ್ನು ಹೇಳುವಾತನು ಮನೆಯೊಡತಿಯಾದ ಮುದುಕಿಯ ಕೈಯಲ್ಲಿ ಇಪ್ಪತ್ತು ಕೊಪೆಕಿನ ಬೆಳ್ಳಿ ನಾಣ್ಯವೊಂದನ್ನಿಟ್ಟಾಗ ಅವಳು ಸತ್ತವನ ಕಾಗದಗಳಿದ್ದ ಬುಟ್ಟಿಯನ್ನು ತಂದು ಮುಂದಿಡುತ್ತಾಳೆ. ಅದರಲ್ಲಿ ಎರಡು ಪುಸ್ತಕಗಳನ್ನು ಅವಳು ಆಗಲೇ ಬಳಸಿ ಮುಗಿಸಿದ್ದಳು. ನೀನು ಓದಿದ್ದು ಆ ಬುಟ್ಟಿಯಲ್ಲಿ ಉಳಿದದ್ದನ್ನು.

ಕಿರಿಯ: ಎಂದರೆ ನಾನು ಕಡೆಯ ಪುಟದಲ್ಲಿ ಯಾವ ಬಿಡುಗಡೆಯನ್ನು ಕಂಡು ಸಮಾಧಾನಪಟ್ಟೆನೋ, ಅದಾದ ಮೇಲೆ ಅವನು ಬದುಕಿದ್ದು ಹೀಗೆಯೇ?

ಹಿರಿಯ: ಹೀಗೆಯೇ. ಬರೆದವನು ಸೆರೆಯಿಂದ ಹೊರಬಂದ ಮೇಲೆ ಇಪ್ಪತ್ತೇಳು ವರ್ಷ ಬದುಕಿದ, ಮದುವೆಯಾದ, ಮಕ್ಕಳನ್ನು ಕಂಡ, ಲೋಕವೆಲ್ಲ ಓದುವ ಗ್ರಂಥಗಳನ್ನು ಬರೆದ. ತನ್ನ ಬೇಡಿಯನ್ನು ಯಾರ ಕಾಲಿಗೆ ತೊಡಿಸಿದನೋ ಅವನಿಗೆ ಅದೊಂದನ್ನೂ ಕೊಡಲಿಲ್ಲ.

ಕಿರಿಯ: ಇದನ್ನು ಇನ್ನೊಂದು ತಿಂಗಳು ನನ್ನ ಬಳಿಯಲ್ಲಿಟ್ಟುಕೊಳ್ಳಲು ಅನುಮತಿ ಕೊಡಿ.

ಹಿರಿಯ: ಇಟ್ಟುಕೋ. ಮೊದಲಿನಿಂದ ಓದು. ಊರಿನಲ್ಲಿ ಯಾರನ್ನೂ ಹತ್ತಿರ ಸೇರಿಸದ ಆ ಮನುಷ್ಯನು ಮುದುಕಿಯ ಪುಟ್ಟ ಮೊಮ್ಮಗಳೊಬ್ಬಳನ್ನು ಮಾತ್ರ ಮುದ್ದುಮಾಡುತ್ತಿದ್ದ, ಅದೂ ಅವಳ ಹೆಸರು ಕಾತ್ಯಾ ಎಂದು ತಿಳಿದಂದಿನಿಂದ. ವರ್ಷಕ್ಕೊಮ್ಮೆ, ಸಂತ ಕ್ಯಾಥರೀನಳ ಹಬ್ಬದ ದಿನ, ದೇವಾಲಯಕ್ಕೆ ಹೋಗಿ ಸತ್ತ ಯಾರಿಗೋ ಶಾಂತಿಪ್ರಾರ್ಥನೆ ಮಾಡಿಸಿ ಬರುತ್ತಿದ್ದ. ಆ ಸಾಲುಗಳು ಎಲ್ಲಿವೆಯೆಂದು ನೋಡು.